ಕಿವಿಯಪ್ಪನ ಗೇಟು

ಮಾವನ ಸುದ್ದಿ ನಾನು ಮೊದಲು ಕೇಳಿದ್ದು ನನ್ನ ಮದುವೆಯ ಮಾತು ನಡೆದ ದಿನ. ಸೋದರಮಾವ ಬಂದು, "ಹುಡುಗ ದೋಣಿ ನಡೆಸ್ತಾನೆ. ಅವನಪ್ಪ ಎರಡು ಕಾಲುವೆ ಕೂಡೋ ಕಡೆ ಗೇಟು ಕಾಯ್ತಾನೆ. ಒಂದು ಚೊಂಬು ನೀರು ಹೆಚ್ಚಿಗೆ ಬಿಡೋ ಆಸಾಮಿಯಲ್ಲ" ಎಂದ.

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. "ನೀರಿಗೇ ಜಿಪುಣತನ ಮಾಡೋನು ಸೊಸೆಗೆ ಊಟ ಹಾಕ್ತಾನೇನೋ?"

ಹಾಕಿದರು, ಹೊಟ್ಟೆ ತುಂಬ. ಜಿಪುಣತನ ಅವರದಲ್ಲ, ಕಾಲುವೆಗಳದು. ಹಳೆಯ ಕಾಲುವೆ ತೋಡಿಸಿದವರೊಬ್ಬರು, ಹೊಸದನ್ನು ತೋಡಿಸಿದವರು ಇನ್ನೊಬ್ಬರು; ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ನಮ್ಮ ನೀರು ಅವರಿಗೆ ಹೋದೀತೆಂದು ನಡುವೆ ಗೋಡೆ ಕಟ್ಟಿದ್ದರಂತೆ. ಗೋಡೆಯ ಈಚೆಗೊಂದು ದೋಣಿ, ಆಚೆಗೊಂದು ದೋಣಿ; ಮೂಟೆಗಳೆಲ್ಲ ಹಮಾಲರ ಬೆನ್ನ ಮೇಲೆ ದಾಟಬೇಕು. ಕೊನೆಗೆ ಗೋಡೆ ಒಡೆದು, ಕಲ್ಲಿನ ತೊಟ್ಟಿ ಕಟ್ಟಿ, ಎರಡೂ ಕಡೆ ಮರದ ಗೇಟು ಇಟ್ಟರು. ಎರಡು ಕಾಲುವೆಗಳ ನೀರಿನ ಮಟ್ಟ ಒಂದೇ ಅಲ್ಲ; ದೋಣಿ ತೊಟ್ಟಿಗೆ ಬಂದ ಮೇಲೆ ಗೇಟಿನ ಕಿಂಡಿ ತೆರೆದು ನೀರನ್ನು ಆಚೆಯ ಕಾಲುವೆಯ ಮಟ್ಟಕ್ಕೆ ತರಬೇಕು, ಆಮೇಲೆ ಚಕ್ರ ತಿರುಗಿಸಿ ಗೇಟು ಎತ್ತಬೇಕು.

ಮಟ್ಟ ಸರಿಯಾಯಿತೇ ಎಂದು ಮಾವ ಕಣ್ಣಿನಿಂದ ನೋಡುತ್ತಿರಲಿಲ್ಲ. ಎರಡು ಬೆರಳಿನ ವ್ಯತ್ಯಾಸ ಕಣ್ಣಿಗೆ ಕಾಣದು, ದೋಣಿಯನ್ನು ಮಾತ್ರ ಎಳೆದು ಬಿಸಾಡುತ್ತದೆ. ಗೇಟಿಗೆ ಕಿವಿಯಿಟ್ಟು, ಕಿಂಡಿಯ ಸುಯ್ಯೆನ್ನುವ ಸದ್ದು ನಿಂತ ಮೇಲೆಯೇ ಎತ್ತುತ್ತಿದ್ದರು. ಅದಕ್ಕೇ ದೋಣಿಯವರು ಅವರನ್ನು ಕಿವಿಯಪ್ಪ ಎನ್ನುತ್ತಿದ್ದರು.

ನಾನು ಮದುವೆಯಾಗಿ ಬಂದ ಮರುವರ್ಷ ಆ ಕಿವಿಯೇ ಮಂದವಾಯಿತು. ಕಿವುಡನಿಗೆ ನೀರು ಯಾವಾಗಲೂ ನಿಂತೇ ಇರುತ್ತದೆಯಲ್ಲ. ಒಂದು ದಿನ ಸದ್ದು ಇನ್ನೂ ಇರುವಾಗಲೇ ಗೇಟು ಎತ್ತಿಬಿಟ್ಟರು. ಹೆಂಚಿನ ದೋಣಿ ಕಲ್ಲಿಗೆ ಬಡಿದು ಅರ್ಧ ಹೆಂಚು ಪುಡಿಪುಡಿ.

"ಕಣ್ಣು ಕುರುಡೇನಯ್ಯ ನಿಂಗೆ?" ಎಂದು ದೋಣಿಯವನು ಕಿರುಚಿದ.

"ಕಣ್ಣಿಗೇನೂ ಆಗಿಲ್ಲ" ಎಂದರು ಮಾವ.

ಇನ್ನೊಂದು ಸಲ ಹೀಗಾದರೆ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆಗೆ ಕೊಟ್ಟ ಮನೆಯೂ. ಮಾರನೆಯ ದಿನದಿಂದ ನಾನು ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಪಾತ್ರೆ ತೊಳೆಯತೊಡಗಿದೆ. ಸದ್ದು ನಿಂತರೆ ಬಕೆಟ್ಟು ಎತ್ತುತ್ತಿದ್ದೆ. ಬಕೆಟ್ಟು ಎದ್ದರೆ ಗೇಟೂ ಏಳುತ್ತಿತ್ತು. ಮಾವನ ಕಿವಿ ಮರದ ಮೇಲೆ, ಕಣ್ಣು ನನ್ನ ಬಕೆಟ್ಟಿನ ಮೇಲೆ. ಈ ವಿಷಯ ನಾವಿಬ್ಬರೂ ಬಾಯಿಬಿಟ್ಟು ಆಡಿದ್ದಿಲ್ಲ.

"ಕಿವಿಯಪ್ಪ, ನಿನ್ನ ಸೊಸೆ ಎಷ್ಟು ಪಾತ್ರೆ ತೊಳೀತಾಳೋ, ಮನೇಲಿ ಹೋಟ್ಲು ಇಟ್ಟಿದ್ದೀಯಾ?" ಎಂದು ದೋಣಿಯವರು ಛೇಡಿಸುವರು.

"ಹೂಂ, ಬಿಸಿಲು ಜಾಸ್ತೀನೇ" ಎನ್ನುವರು ಮಾವ.

ಆಮೇಲೆ ಒಂದು ದೋಣಿಯೂ ಕಲ್ಲಿಗೆ ತಾಗಲಿಲ್ಲ. ಮಕ್ಕಳು ಆ ಮೆಟ್ಟಿಲ ಮೇಲೇ ಆಡಿ ಬೆಳೆದರು. ನನ್ನ ಯಜಮಾನರು ತೀರಿಕೊಂಡ ಮೇಲೂ ಆ ಗೇಟೇ ನಮ್ಮನ್ನು ಸಾಕಿತು.

ಮಾವ ಹಾಸಿಗೆ ಹಿಡಿದಾಗ ಕಾಲುವೆಯ ಸಾಹೇಬರು ಬಂದು, ಬೇರೆಯವನನ್ನು ಹಾಕುತ್ತೇವೆ, ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಹೇಳಿ ಹೋದರು. ಮಾವನಿಗೆ ಕೇಳಿಸಲಿಲ್ಲ, ನನ್ನ ಮುಖ ನೋಡಿಯೇ ಗೊತ್ತಾಯಿತು. ಹತ್ತಿರ ಕರೆದರು.

"ಸಾಹೇಬರ ಹತ್ರ ನೀನೇ ಹೋಗು ತಾಯಿ. ಇಷ್ಟು ವರ್ಷ ನೀರು ಕೇಳಿಸ್ಕೊಂಡಿದ್ದು ನಾನಲ್ಲ, ನೀನು ಅಂತ ಹೇಳು. ನಾನೇ ಹೇಳು ಅಂದೆ ಅನ್ನು. ಗೇಟು ನಿನ್ನ ಹೆಸರಿಗೇ ಮಾಡಿಸ್ಕೋ."