ಬದಲಿ ನಾಯಕಿಗೆ ಒನ್ಸ್ ಮೋರ್

ಹೋದ ವರ್ಷ ಒಂದು ಭಾನುವಾರ, ಒಬ್ಬ ಹೆಂಗಸಿನ ಮರ್ಯಾದೆ ಕಳೆಯಬೇಕೆಂದೇ ನಾನು ಹರಿಹರದಿಂದ ದಾವಣಗೆರೆಯ ಬಸ್ಸು ಹತ್ತಿದೆ. ಮಂಡಿಪೇಟೆಯ ಹತ್ತಿರವಿರುವ ತಂಗಿಯ ಮನೆಯಲ್ಲಿ ಊಟ ಮಾಡಿ, ಸಂಗೀತ ನಾಟಕ ನೋಡೋಣ ಬಾ ಎಂದು ಅವಳನ್ನೂ ಹೊರಡಿಸಿದೆ. ನಾಯಕಿ ಯಾರೆಂದು ಅವಳಿಗೆ ಗೊತ್ತಿತ್ತು.

"ಅಕ್ಕಾ, ಅಲ್ಲಿ ಏನಾರ ರಂಪ ಮಾಡಂಗಿದ್ರೆ ನಾ ಬರಂಗಿಲ್ಲ ನೋಡು" ಅಂದಳು.

"ನಾಟ್ಕ ನೋಡಾಕ ಹೊಂಟೀನಿ, ಅಷ್ಟೆ" ಅಂದೆ. ಅದು ಸುಳ್ಳು.

ನಾನು ಕಾಲೇಜು ಮುಗಿಸಿದ ವರ್ಷ ಹರಿಹರದ ಒಂದು ಹವ್ಯಾಸಿ ಸಂಘ ಹಾಡುಗಳೇ ತುಂಬಿದ ನಾಟಕವೊಂದನ್ನು ಆಡಲು ಹೊರಟಿತ್ತು. ನನ್ನ ದನಿ ಕೇಳಿ ರಾಣಿಯ ಪಾತ್ರ ನನಗೇ ಕೊಟ್ಟಿದ್ದರು. ಮಳೆಗಾಲವಿಡೀ ತಾಲೀಮು ನಡೆಯಿತು. ಪ್ರದರ್ಶನದ ದಿನ ಬಣ್ಣ ಹಚ್ಚಿಕೊಂಡು ಕೂತಿದ್ದೆ. ಆಗ ಸಖಿಯ ಪಾತ್ರದವಳು ನನ್ನ ಕಿರೀಟವನ್ನು ತನ್ನ ತಲೆಗೆ ಇಟ್ಟುಕೊಂಡು ಬಂದು ಎದುರಿಗೆ ನಿಂತಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ನೋಡಲು ಲಕ್ಷಣವಾಗಿದ್ದಳು. ಅವಳ ಗಂಡನೇ ಸಂಘದ ಅಧ್ಯಕ್ಷ.

"ನೀ ಪರದೆ ಹಿಂದೆ ಹಾರ್ಮೋನಿಯಂ ಪಕ್ಕ ಕುಂತು ಹಾಡು. ಸ್ಟೇಜ್ ಮ್ಯಾಲೆ ನಾ ನೋಡ್ಕಂತೀನಿ. ನಿನ್ನ ಮುಖಕ್ಕ ರಾಣಿ ಒಪ್ಪಂಗಿಲ್ಲ."

ಸುತ್ತ ಇದ್ದವರ ಮುಖ ನೋಡಿದೆ. ಎಲ್ಲರೂ ತಮ್ಮ ತಮ್ಮ ಬಣ್ಣ ಹಚ್ಚಿಕೊಳ್ಳುವುದರಲ್ಲಿ ಮುಳುಗಿದರು. ಹೊರಗೆ ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು. ಮಗಳು ರಾಣಿಯಾಗುತ್ತಾಳೆಂದು ಕಡರನಾಯಕನಹಳ್ಳಿಯ ನೆಂಟರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದರು. ಅವರ ಕಿವಿಗಾದರೂ ಬೀಳಲಿ ಎಂದು ಪರದೆಯ ಹಿಂದೆ ಕೂತು ಹಾಡಿದೆ. ಮುಂದೆ ಅವಳು ತುಟಿ ಆಡಿಸಿದಳು. ಕೊನೆಯಲ್ಲಿ ಅತಿಥಿಯೊಬ್ಬರು ಶಾಲು ಹೊದಿಸಿ, "ಹಾಡಿದ್ದೂ ತಾವೇನಾ?" ಎಂದು ಕೇಳಿದರೆ ಮೈಕಿನಲ್ಲೇ "ನಾನೇ ಸರ್" ಅಂದುಬಿಟ್ಟಳು.

ಮನೆಗೆ ಬರುವಾಗ ಅಪ್ಪ ಕೇಳಿದ್ದು ಒಂದೇ ಮಾತು. "ದನಿ ನಿಂದೇ ಅಲ್ಲೇನವ್ವ? ಮತ್ತೆ ನೀ ಎಲ್ಲಿದ್ದಿ?"

ಆಮೇಲೆ ನಾನು ರಂಗದ ಮೇಲೆ ಕಾಲಿಡಲಿಲ್ಲ. ಅವಳು ದಾವಣಗೆರೆಗೆ ಹೋಗಿ ಸ್ವಂತ ತಂಡ ಕಟ್ಟಿ, ಅರವತ್ತು ಹತ್ತಿರವಾದರೂ ರಾಣಿಯಾಗಿಯೇ ಉಳಿದಳು. ಹಾಡುಗಳನ್ನೆಲ್ಲ ಯಾರ ಕೈಲೋ ಹಾಡಿಸಿ, ಅದನ್ನೇ ಸ್ಪೀಕರಿನಲ್ಲಿ ಹಾಕಿಕೊಂಡು ಈಗಲೂ ತುಟಿ ಆಡಿಸುತ್ತಾಳೆಂದು ಕೇಳಿದ್ದೆ. ನನ್ನ ಲೆಕ್ಕಾಚಾರ ಇದ್ದದ್ದು ಅಲ್ಲೇ. ಮುಂದೆಯೇ ಕೂರುವುದು. ದೊಡ್ಡ ಹಾಡು ಬಂದಾಗ ಎದ್ದು ನಿಂತು, "ಟ್ರ್ಯಾಕ್ ಬಂದ್ ಮಾಡಿ ಹಾಡ್ರಿ ನೋಡಾನ" ಎಂದು ಇಡೀ ಥಿಯೇಟರಿಗೆ ಕೇಳುವಂತೆ ಕೂಗುವುದು. ಬಸ್ಸಿನಲ್ಲಿ ಕೂತು ಆ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ.

ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿದರು. ಪರದೆಯ ಮುಂದೆ ಅವಳೇ ಬಂದಳು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದಳು, ದನಿ ಒಡೆದಿತ್ತು.

"ಜ್ವರ ಬಂದು ಗಂಟ್ಲು ಕೆಟ್ಟೈತ್ರಿ. ನಿಲ್ಲಾಕೂ ತ್ರಾಣಿಲ್ಲ. ಇವತ್ತು ರಾಣಿ ಪಾತ್ರ ನಮ್ಮ ತಂಡದ ಹುಡುಗಿ ಮಾಡ್ತಾಳೆ. ಹೊಸಬಳು. ಏನಾರ ಹೆಚ್ಚುಕಮ್ಮಿ ಆದ್ರೆ ಹೊಟ್ಟಿಗೆ ಹಾಕ್ಕಳ್ರಿ."

ನನ್ನ ಕೈಗೆ ಬಂದ ತುತ್ತನ್ನು ಯಾರೋ ಕಸಿದಂತಾಯಿತು. ಜ್ವರ ಬರಲು ಇವಳಿಗೆ ಇದೇ ದಿನ ಸಿಕ್ಕಿತೇ? ಎದ್ದು ಹೊರಟೆ. ತಂಗಿ ಸೆರಗು ಹಿಡಿದು ಎಳೆದಳು. "ಬಂದೀವಿ, ನೋಡಿ ಹೋಗಾನ, ಕೂಡು." ಅಷ್ಟರಲ್ಲಿ ಮಫ್ಲರಿನವಳೂ ಕೆಳಗಿಳಿದು ನಮ್ಮ ಸಾಲಿನ ಕೊನೆಯ ಕುರ್ಚಿಯಲ್ಲೇ ಕೂತಳು. ನಾನೂ ಕೂತೆ.

ಮೊದಲ ದೃಶ್ಯದಲ್ಲಿ ಬದಲಿ ಹುಡುಗಿ ಸೆರಗನ್ನೇ ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದಳು. ಅವಳಿಗೆಂದು ಹೊಲಿದ ರವಿಕೆಯಲ್ಲ, ಭುಜದಲ್ಲಿ ಜೋಲುತ್ತಿತ್ತು. ಮಾತು ಒಂದೆರಡು ಕಡೆ ತಪ್ಪಿತು. ಅವಳು ತಪ್ಪಿದಾಗಲೆಲ್ಲ ಕೊನೆಯ ಕುರ್ಚಿಯ ಮಫ್ಲರು ಪಕ್ಕದವರ ಕಡೆ ಬಾಗಿ ನಗುವುದನ್ನು ಕಂಡೆ.

ಆಮೇಲೆ ರಾಣಿ ಅರಮನೆ ಬಿಟ್ಟು ಹೋಗುವ ದೃಶ್ಯ. ಹುಡುಗಿ ಹಾರ್ಮೋನಿಯಂನವರ ಕಡೆ ನೋಡಿ ತಲೆಯಾಡಿಸಿದಳು. ಸ್ಪೀಕರಿನಿಂದ ಬೇರೆಯವರ ದನಿ ಬರಲಿಲ್ಲ. ತಾನೇ ಎತ್ತಿಕೊಂಡಳು. ಮೇಲಿನ ಸ್ವರಕ್ಕೆ ಹೋಗುವಾಗ ನಾನೂ ಒಳಗೊಳಗೇ ಅವಳ ಜೊತೆ ಏರಿದೆ. ಹುಡುಗಿ ಅಲ್ಲಿ ನಿಂತಳು, ನಿಂತೇ ಇದ್ದಳು, ಹಗುರಾಗಿ ಇಳಿದಳು.

ನಾನು ಸಾಲಿನ ಕೊನೆಗೆ ತಿರುಗಿದೆ. ಆ ಮುಖದಲ್ಲಿ ನಗು ಇರಲಿಲ್ಲ. ಏನು ಮಾಡಬೇಕೆಂದು ಆಗ ಹೊಳೆಯಿತು. ಎದ್ದು ನಿಂತು, ಕೂಡಿಟ್ಟುಕೊಂಡಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ: "ಒನ್ಸ್ ಮೋರ್!"

ಹಿಂದಿನಿಂದ ಸಿಳ್ಳೆ ಬಿತ್ತು. "ಒನ್ಸ್ ಮೋರ್! ಒನ್ಸ್ ಮೋರ್!" ಕೊನೆಯ ಕುರ್ಚಿಯವಳು ಎದ್ದು ಮುಂದಿನ ದೃಶ್ಯಕ್ಕೆ ಹೋಗಿರೆಂದು ಕೈ ಬೀಸಿದಳು. ಹಿಂದಿನ ಸಾಲಿನ ಹಿರಿಯರೊಬ್ಬರು ಗದರಿದರು. "ಏ ಅಮ್ಮಾರೆ, ಕುಂದರ್ರಿ! ಹುಡುಗಿ ಹಾಡ್ಲಿ." ಅವಳು ಕುಸಿದು ಕೂತಳು. ಹುಡುಗಿ ಇಡೀ ಹಾಡನ್ನು ಮತ್ತೆ ಹಾಡಿದಳು, ಈ ಸಲ ಇನ್ನೂ ಚೆನ್ನಾಗಿ. ನಾನು ವೇದಿಕೆಯನ್ನು ಅರ್ಧ ನೋಡಿದೆ, ಕೊನೆಯ ಕುರ್ಚಿಯನ್ನು ಅರ್ಧ ನೋಡಿದೆ. ಯಾವುದು ಹೆಚ್ಚು ಸುಖ ಕೊಟ್ಟಿತೆಂದು ಹೇಳಲಾರೆ.

ನಾಟಕ ಮುಗಿದ ಮೇಲೆ ನೇರವಾಗಿ ಅವಳ ಎದುರಿಗೆ ಹೋಗಿ ನಿಂತೆ. ತಂಗಿ ಬೇಡ ಬೇಡ ಅನ್ನುತ್ತಲೇ ಹಿಂದೆ ಬಂದಳು.

"ರಾಣಿ ಬಾಳ ಚೊಲೋ ಹಾಡಿದ್ಲು" ಅಂದೆ.

"ಹ್ಞೂಂ" ಅಂದಳು. ನನ್ನನ್ನೇ ದಿಟ್ಟಿಸಿದಳು. "ನಿಮ್ಮನ್ನ ಎಲ್ಲೋ ನೋಡಿದಂಗೈತೆ."

ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಅವಳಿಗೆ ನೆನಪೇ ಇಲ್ಲ.

"ನೋಡಿರಾಕಿಲ್ಲ ಬಿಡ್ರಿ. ಕೇಳಿದ್ರಿ."

ಹರಿಹರದ ಆ ನಾಟಕದ ಹಾಡಿನ ಮೊದಲ ಸಾಲನ್ನು ಅಲ್ಲೇ, ಜನ ಓಡಾಡುವ ನಡುವೆಯೇ, ಹಾಡಿದೆ. ವಯಸ್ಸಾದ ದನಿ, ಆದರೂ ಶ್ರುತಿ ತಪ್ಪಲಿಲ್ಲ. ಅವಳ ಕೈ ಮಫ್ಲರಿಗೆ ಹೋಯಿತು. ಬಣ್ಣ ಅಳಿಸದೆ ಬಂದ ಹುಡುಗಿ ಪಕ್ಕದಲ್ಲಿ ನಿಂತು ಕೇಳಿದಳು. "ಯಾರ್ದ್ರೀ ಅಕ್ಕಾರೆ ಈ ಹಾಡು?"

"ನಂದು. ನಿಮ್ಮ ಮೇಡಮ್ಮಾರಿಗೆ ಗೊತ್ತೈತೆ, ಕೇಳು" ಎಂದು ಹೊರಟುಬಿಟ್ಟೆ.

ಎರಡು ತಿಂಗಳ ಮೇಲೆ ಅದೇ ನಾಟಕ ಹರಿಹರಕ್ಕೆ ಬಂತು. ದಾವಣಗೆರೆಯ ಸುದ್ದಿ ತಲುಪಿತ್ತು. ಆ ಹುಡುಗಿಯೇ ರಾಣಿಯಾದರೆ ಮಾತ್ರ ಪ್ರದರ್ಶನ ಎಂದು ನಮ್ಮೂರ ಸಂಘಟಕರು ಪಟ್ಟು ಹಿಡಿದಿದ್ದರು. ತಂಡದ ಒಡತಿಗೆ ಉಳಿದದ್ದು ಮುದಿ ಅತ್ತೆಯ ಪಾತ್ರ, ಅದರಲ್ಲಿ ಹಾಡಿಲ್ಲ. ಬಿಳಿ ವಿಗ್ಗು ಹಾಕಿಕೊಂಡು ರಂಗಕ್ಕೆ ಬಂದವಳು ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದಳು. ಈ ಸಲ ಗುರುತು ಹಿಡಿದಳು. ಪಾಪ ಅನಿಸಿತೋ ಏನೋ, ದಾವಣಗೆರೆಯಿಂದ ಬಂದು ಪಕ್ಕದಲ್ಲಿ ಕೂತಿದ್ದ ತಂಗಿ ಚಪ್ಪಾಳೆ ತಟ್ಟಲು ಹೋದಳು. ನಾನು ಅವಳ ಎರಡೂ ಕೈ ಹಿಡಿದು ಮಡಿಲಿಗೆ ಒತ್ತಿ ಇಟ್ಟೆ.