ಪಾಲಿಗೆ ಬಂದ ಕೋಣೆ

ಆಕೆ ಬ್ಯಾಡಗಿಯ ನಮ್ಮ ಪಕ್ಕದ ಮನೆಯ ಮಗಳು. ತಾಯಿ ಮೊದಲೇ ಹೋಗಿದ್ದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ತಂದೆಯೂ ತೀರಿಕೊಂಡ ಮೇಲೆ, ಷರೀಅತ್ತಿನ ಪ್ರಕಾರ ಮೂರು ಕೋಣೆಗಳಲ್ಲಿ ಎರಡು ಅಣ್ಣನಿಗೆ, ಒಂದು ಆಕೆಗೆ ಬಂದವು. ಊರಿನ ಉಳಿದ ಹೆಣ್ಣುಮಕ್ಕಳಂತೆ ಆಕೆ ಪಾಲು ಬಿಟ್ಟುಕೊಡಲಿಲ್ಲ. ಅಣ್ಣ ಕೋಣೆ ಕೊಟ್ಟ, ಮಾತು ಬಿಟ್ಟ.

ಪ್ರತಿ ಈದಿನ ಮರುದಿನ ಗಂಡನೂರು ರಾಣೆಬೆನ್ನೂರಿನಿಂದ ಬಂದು, ತನ್ನ ಕೋಣೆ ಗುಡಿಸಿ, ಕಟ್ಟಿಕೊಂಡು ತಂದ ರೊಟ್ಟಿಯನ್ನು ಒಬ್ಬಳೇ ಕೂತು ತಿನ್ನುತ್ತಿದ್ದಳು.

“ಇಲ್ಲಿ ಕುಂದ್ರಾಕ ಯಾರನ್ನೂ ಕೇಳಬೇಕಾಗಿಲ್ಲವ್ವಾ,” ಎಂದು ನನಗೆ ಹೇಳುತ್ತಿದ್ದಳು.

ಹೊರಡುವಾಗ ಮಾತ್ರ ಅಣ್ಣನ ಮುಚ್ಚಿದ ಬಾಗಿಲೆದುರು ನಿಂತು, ಹೋಗಿಬರುತ್ತೇನೆಂದು ಹೇಳಿ, ಒಳಗಿನಿಂದ ಅವನು ‘ಹೋಗಿ ಬಾ’ ಎನ್ನಲೆಂದು ಕಾಯುತ್ತಿದ್ದಳು.

ಒಮ್ಮೆ ನನಗೇ ತಡೆಯಲಾಗದೆ ನಮ್ಮ ಕಟ್ಟೆಯಿಂದ ಕೂಗಿದೆ: “ಹೋಗಿ ಬರ್ರಿ ಅಕ್ಕಾರ, ಮುಂದಿನ ಹಬ್ಬಕ್ಕ ಲಗೂ ಬರ್ರಿ.”

“ಬರ್ತೇನವ್ವಾ,” ಎಂದಳು. ಕಣ್ಣು ಮಾತ್ರ ಆ ಬಾಗಿಲ ಮೇಲೇ ಇತ್ತು.