ಪಟ್ಟಿಯಿಂದ ನಾನು ತೆಗೆಸಿದ ಹೆಸರು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಆ ಓದಿನ ಸೊಕ್ಕಿನಲ್ಲಿ ಮಾಡಿದ ಒಂದು ಕೆಲಸವನ್ನು ಇಷ್ಟು ದಿನ ಯಾರ ಮುಂದೆಯೂ ಹೇಳಿಲ್ಲ.

ಪುಣೆಯ ಪಾಲಿಕೆ ಶಾಲೆಯಲ್ಲಿ ಶಿಕ್ಷಕಿ ನಾನು. ಚುನಾವಣೆಗೆ ಮುಂಚೆ ಮನೆಮನೆಗೆ ಹೋಗಿ ಮತದಾರರ ಪಟ್ಟಿ ತಾಳೆ ನೋಡುವ ಕೆಲಸ ನಮ್ಮಂಥವರ ಕೊರಳಿಗೇ ಬೀಳುತ್ತದೆ. ನನ್ನ ಪಾಲಿಗೆ ಯೆರವಡಾ ಜೈಲಿಗೆ ಹತ್ತಿಕೊಂಡಿದ್ದ ಒಂದು ವಸ್ತಿ, ಬಡವರ ಓಣಿ, ಬಂದಿತ್ತು. ಅಲ್ಲೊಂದು ಮನೆಯಲ್ಲಿ ತಾಯಿ, ಮಗ, ಎರಡೇ ಹೆಸರು. ಬಾಗಿಲಲ್ಲಿ ಕೂತು ಮೆಂತ್ಯ ಸೋಸುತ್ತಿದ್ದ ಮುದುಕಿಯನ್ನು ಮರಾಠಿಯಲ್ಲಿ ಮಾತಾಡಿಸಿದೆ. ಅವಳ ಮರಾಠಿಯೊಳಗಿಂದ ವಿಜಯಪುರದ ಕನ್ನಡ ಇಣುಕಿತು; ನಾನೂ ಕನ್ನಡಕ್ಕೆ ಹೊರಳಿದೆ. ನನ್ನ ಊರು ವಿಚಾರಿಸಿ ಚಹಾ ಕೊಟ್ಟಳು. ಮಗ ಎಲ್ಲಿ ಎಂದರೆ ಜೈಲಿನ ಗೋಡೆಯ ಕಡೆ ಕೈ ಮಾಡಿದಳು. ಹೊಡೆದಾಟದ ಕೇಸಿನಲ್ಲಿ ಅವನಿಗೆ ಶಿಕ್ಷೆಯಾಗಿತ್ತು.

"ಅಂವಗ ಓಟ್ ಹಾಕಾಕ ಬಿಡಂಗಿಲ್ಲೇನ್ರಿ ಅಕ್ಕೋರ?"

"ತಪ್ಪು ಮಾಡಿ ಒಳಗ ಹೋದವರಿಗೆ ಯಾತರ ಓಟು ಬಿಡ್ರಿ."

ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಆರಿಸಿ ಬಂದವರ ಮ್ಯಾಲೂ ಕೇಸ್ ಅದಾವಂತ. ಅವರು ನಿಲ್ಲಬೌದು, ಇಂವ ಹಾಕಬಾರದು. ಹೋಗ್ಲಿ, ಬರೂ ವರ್ಷ ಬಿಡ್ತಾರ ಅಂವನ್ನ. ಹೆಸರು ಹಂಗ ಇರ್ಲಿ."

ನನಗೆ ಸಿಟ್ಟು ಬಂತು. ಅಕ್ಷರ ಬಾರದವಳು ನನಗೆ ನ್ಯಾಯ ಹೇಳುತ್ತಾಳಲ್ಲ ಎನಿಸಿತು. ಹೆಸರು ತೆಗೆಯುವ ಅರ್ಜಿಯಲ್ಲಿ ಜೈಲು ಎಂಬ ಕಾರಣಕ್ಕೆ ಜಾಗವಿರಲಿಲ್ಲ; ‘ಬೇರೆ ಕಡೆ ಹೋಗಿದ್ದಾರೆ’ ಎಂದು ಕಾರಣ ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಏನಿದು ಎಂದು ಕೇಳಿದಳು. ನಾನು ಬಂದು ಹೋದದ್ದಕ್ಕೆ ಗುರುತು ಎಂದೆ. ಆಮೇಲೆ ಆಫೀಸಿನಿಂದ ನೋಟಿಸೂ ಹೋಗಿರಬೇಕು; ಓದುವವನು ಒಳಗಿದ್ದ.

ಎರಡು ವಾರದ ನಂತರ ಮೀಟಿಂಗಿನಲ್ಲಿ ಚುನಾವಣಾ ಆಫೀಸಿನ ಸಾಹೇಬರು ತಿಳಿಸಿ ಹೇಳಿದರು: ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ, ಆದರೆ ಆ ಕಾರಣಕ್ಕೆ ಅವರ ಹೆಸರು ತೆಗೆಯುವಂತಿಲ್ಲ. ನಾನು ಮೊದಲ ಮಾತನ್ನಷ್ಟೇ ಓದಿ ನಿಯಮದ ಪುಸ್ತಕ ಮುಚ್ಚಿದ್ದೆ. ಆಗಲೇ ಕೈ ಎತ್ತಿದ್ದರೆ ಸರಿಯಾಗುತ್ತಿತ್ತು. ತಪ್ಪಿಲ್ಲದೆ ಕೆಲಸ ಮಾಡುವವಳು ಎಂದು ಅವರು ಅದೇ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದ್ದರು. ಉಳಿದ ಸೂಚನೆ ಬರೆದುಕೊಳ್ಳುತ್ತ ಕೂತೆ.

ಮಗ ಬಿಡುಗಡೆಯಾದ ಮೇಲೆ ಬಂದ ಚುನಾವಣೆಯ ದಿನ ಮತಗಟ್ಟೆಯ ಹೊರಗೆ ಪಟ್ಟಿ ಹಿಡಿದು ಕೂತಿದ್ದೆ. ತಾಯಿ, ಮಗ ಕೂಡಿಯೇ ಬಂದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಇಲ್ಲವೆಂದು ಗೊತ್ತಿದ್ದೂ ಹಾಳೆ ತಿರುವಿ ತಿರುವಿ ಹುಡುಕಿದೆ. ಹೆಸರು ಇಲ್ಲ ಎಂದೆ.

ಅವನು ಜಗಳ ತೆಗೆಯಲಿಲ್ಲ. "ಹೊರಗ ಬಂದ ಮ್ಯಾಲೂ ಇಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದ.

"ಆಫೀಸಿನವರು ಏನೋ ಗೊಂದಲ ಮಾಡ್ಯಾರ" ಎಂದುಬಿಟ್ಟೆ.

"ಅಕ್ಕೋರು ನಮ್ಮ ಕಡೆಯವರಪಾ," ಎಂದಳು ತಾಯಿ ಮಗನಿಗೆ, "ಖುದ್ದ ಮನಿಗೆ ಬಂದು ಬರ್ಕೊಂಡು ಹೋಗ್ಯಾರ. ಅವರದೇನೂ ತಪ್ಪಿಲ್ಲ."

ಅವಳು ಒಳಗೆ ಹೋದಳು. ಅವನು ಅವ್ವನ ಮೊಬೈಲು ಹಿಡಿದು ಗೇಟಿನ ಹೊರಗೆ ನಿಂತ. ಅವಳು ಬರುವವರೆಗೂ ನಾನು ತಲೆ ಎತ್ತಲಿಲ್ಲ.

ಕೈದಿಗಳಿಗೆ ಮತ ಇರಬೇಕೋ ಬೇಡವೋ ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಆಗಾಗ ವಾದ ಏಳುತ್ತದೆ. ಇರಬೇಕು ಎಂದೇ ಈಗ ನನಗನಿಸುತ್ತದೆ. ಬಾಯಿ ಬಿಟ್ಟರೆ, ಯಾವಾಗಿನಿಂದ ಹೀಗೆ ಅನಿಸಿತು ಎಂದು ಯಾರಾದರೂ ಕೇಳಿಯಾರು. ಮಕ್ಕಳ ವಹಿ ತಿದ್ದುತ್ತ ಕೂರುತ್ತೇನೆ.